ಬ್ಯಾಕ್ಟೀರಿಯಾ ನಮಗಾಗಿ ಯಾಕೆ ದುಡಿಯಬೇಕು?

ಪ್ರಶ್ನೆ: ನಾನು ರಸಾಯನಶಾಸ್ತ್ರದ ಪದವಿ ವಿದ್ಯಾರ್ಥಿ. ಆಮ್ಲ, ದ್ರಾವಕ, ಪ್ಲಾಸ್ಟಿಕ್ಕಿನ ಮೂಲವಸ್ತು ಇವನ್ನೆಲ್ಲ ಪೆಟ್ರೋಲಿಯಂನಿಂದ ಮಾತ್ರವಲ್ಲ, ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟುಗಳಿಂದಲೂ ತಯಾರಿಸುತ್ತಾರೆ ಎಂದು ಓದಿದೆ. ಎರಡು ವಿಷಯ ಅರ್ಥವಾಗಲಿಲ್ಲ. ತನಗೆ ಬೇಡದ ವಸ್ತುವನ್ನು ಒಂದು ಜೀವಕೋಶ ಟನ್‌ಗಟ್ಟಲೆ ಯಾಕೆ ತಯಾರಿಸಿ ಕೊಡುತ್ತದೆ? ಸಕ್ಕರೆ ಹಾಕಿದರೆ ಸಾಕು ಎಂದಾದರೆ ಪೆಟ್ರೋಕೆಮಿಕಲ್ ಕಾರ್ಖಾನೆಗಳು ಇನ್ನೂ ಯಾಕೆ ನಡೆಯುತ್ತಿವೆ?

ಉತ್ತರ: ಒಳ್ಳೆಯ ಪ್ರಶ್ನೆ. ಈ ಕಸುಬಿಗೆ ಬಂದವರಲ್ಲಿ ಬಹಳ ಮಂದಿ ಮೊದಲನೆಯದನ್ನು ಕೇಳಿಕೊಳ್ಳುವುದೇ ಇಲ್ಲ. ಕೇಳಿಕೊಳ್ಳದೆ ಆಮೇಲೆ ಟ್ಯಾಂಕಿನ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಾರೆ.

ನೇರವಾಗಿ ಹೇಳಿಬಿಡುತ್ತೇನೆ: ಯಾವ ಜೀವಕೋಶವೂ ನಮಗಾಗಿ ಏನನ್ನೂ ತಯಾರಿಸುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಕೆಲಸ, ತಾನು ಎರಡಾಗುವುದು. ಕೊಟ್ಟ ಸಕ್ಕರೆಯಲ್ಲಿ ಒಂದು ಪಾಲು ಮೈ ಕಟ್ಟಿಕೊಳ್ಳಲು, ಒಂದು ಪಾಲು ಶಕ್ತಿಗೆ. ನಮಗೆ ಬೇಕಾದ ವಸ್ತು ಅದರ ದೃಷ್ಟಿಯಲ್ಲಿ ಕಸ, ಇಲ್ಲವೇ ಸೋರಿಕೆ, ಅದೂ ಅಲ್ಲದಿದ್ದರೆ ನಾವು ಬಲವಂತವಾಗಿ ಹೇರಿದ ಹೊರೆ. ನೂರಾರು ವರ್ಷಗಳ ಅನುಭವ, ಈಗಿನ ಜೀನ್ ತಂತ್ರಜ್ಞಾನ ಎಲ್ಲವೂ ಸೇರಿ ಮಾಡುವುದು ಇಷ್ಟೇ: ಜೀವಕೋಶದ ಬದುಕನ್ನು ಎಲ್ಲೋ ಒಂದು ಕಡೆ ಕಟ್ಟಿಹಾಕಿ, ಅದು ಬೇರೆ ದಾರಿಯಿಲ್ಲದೆ ನಮ್ಮ ವಸ್ತುವನ್ನು ಹೊರಗೆ ಹಾಕುವಂತೆ ಮಾಡುವುದು.

ಕಸದಿಂದಲೇ ಶುರು ಮಾಡೋಣ. ಸಕ್ಕರೆಯನ್ನು ಒಡೆದಾಗ ಶಕ್ತಿಯ ಜೊತೆಗೆ ಎಲೆಕ್ಟ್ರಾನ್‌ಗಳೂ ಬಿಡುಗಡೆಯಾಗುತ್ತವೆ. ಅವನ್ನು ಹೊತ್ತೊಯ್ಯುವ ಅಣುಗಳನ್ನು ಬುಟ್ಟಿಗಳೆಂದುಕೊಳ್ಳಿ. ಬುಟ್ಟಿಗಳು ಇರುವುದೇ ಕೆಲವು. ತುಂಬಿದ ಬುಟ್ಟಿಯನ್ನು ಎಲ್ಲಾದರೂ ಸುರಿದು ಖಾಲಿ ಮಾಡಿ ತರದಿದ್ದರೆ ಮುಂದಿನ ಸಕ್ಕರೆಯನ್ನು ಒಡೆಯಲಾಗುವುದಿಲ್ಲ. ಆಮ್ಲಜನಕ ಸಿಕ್ಕರೆ ಅದರ ಮೇಲೆ ಸುರಿಯಬಹುದು. ಸಿಗದಿದ್ದಾಗ ಕೋಶ ತನ್ನೊಳಗಿನ ಅರ್ಧ ಒಡೆದ ತುಣುಕಿನ ಮೇಲೆಯೇ ಸುರಿದು, ಆ ತುಣುಕನ್ನು ಹೊರಗೆ ಎಸೆಯುತ್ತದೆ. ಯೀಸ್ಟ್ ಹೀಗೆ ಎಸೆದದ್ದು ಎಥನಾಲ್, ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಎಸೆದದ್ದು ಲ್ಯಾಕ್ಟಿಕ್ ಆಮ್ಲ. ಅಂದರೆ ಆಮ್ಲಜನಕವಿಲ್ಲದ ಕಡೆ ಈ ವಸ್ತುಗಳನ್ನು ತಯಾರಿಸದೆ ಆ ಜೀವಿ ಬದುಕುವಂತೆಯೇ ಇಲ್ಲ. ನಮ್ಮ ಲಾಭ ಮತ್ತು ಅದರ ಹೊಟ್ಟೆಪಾಡು ಒಂದೇ ದಾರಿಯಲ್ಲಿರುವ ಈ ವಸ್ತುಗಳೇ ಇವತ್ತಿಗೂ ಅತಿ ಅಗ್ಗವಾಗಿ ತಯಾರಾಗುವುದು ಅಚ್ಚರಿಯೇನಲ್ಲ.

ಈ ಬುಟ್ಟಿ ಲೆಕ್ಕ ಗೊತ್ತಾದರೆ ಜೀವಿಯನ್ನು ದಾರಿ ತಪ್ಪಿಸಲೂಬಹುದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ದಿಗ್ಬಂಧನ ಹಾಕಿದಾಗ ಜರ್ಮನಿಗೆ ಎಣ್ಣೆ, ಕೊಬ್ಬುಗಳ ಆಮದು ನಿಂತುಹೋಯಿತು. ಕೊಬ್ಬಿಲ್ಲದೆ ಗ್ಲಿಸರಾಲ್ ಇಲ್ಲ, ಗ್ಲಿಸರಾಲ್ ಇಲ್ಲದೆ ನೈಟ್ರೋಗ್ಲಿಸರಿನ್ ಎಂಬ ಸಿಡಿಮದ್ದು ಇಲ್ಲ. ಅಲ್ಲಿನ ರಸಾಯನಶಾಸ್ತ್ರಜ್ಞರು ಯೀಸ್ಟ್ ಟ್ಯಾಂಕಿಗೆ ಸಲ್ಫೈಟ್ ಲವಣ ಸುರಿದರು. ಯೀಸ್ಟ್ ಬುಟ್ಟಿ ಖಾಲಿ ಮಾಡುವುದು ಅಸಿಟಾಲ್ಡಿಹೈಡ್ ಎಂಬ ತುಣುಕಿನ ಮೇಲೆ. ಅದರಿಂದಲೇ ಎಥನಾಲ್ ಆಗುವುದು. ಸಲ್ಫೈಟ್ ಆ ಅಸಿಟಾಲ್ಡಿಹೈಡನ್ನು ಹಿಡಿದು ಕೂರಿಸಿಬಿಟ್ಟಿತು. ಬುಟ್ಟಿ ಸುರಿಯುವ ಜಾಗ ಹೋಯಿತು. ಯೀಸ್ಟ್ ಸಾಯಲಿಲ್ಲ, ಇನ್ನೊಂದು ತುಣುಕಿನ ಮೇಲೆ ಸುರಿಯತೊಡಗಿತು. ಅದೇ ಗ್ಲಿಸರಾಲ್. ಜೀನ್ ಎಂದರೆ ಯಾವ ಅಣು ಎಂಬುದೇ ಗೊತ್ತಿಲ್ಲದ ಕಾಲದಲ್ಲಿ, ಒಂದು ಲವಣದಿಂದ, ಚಯಾಪಚಯದ ದಾರಿಯನ್ನೇ ತಿರುಗಿಸಿದ್ದರು! ಈ ಕ್ಷೇತ್ರದ ಅತ್ಯಂತ ಚೆಂದದ ಉಪಾಯ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು.

ಈಗ ಸಿಟ್ರಿಕ್ ಆಮ್ಲಕ್ಕೆ ಬರೋಣ. ಇದು ಕಸವಲ್ಲ, ಹಾಗಾಗಿ ಕಥೆ ಇನ್ನೂ ವಿಚಿತ್ರ. 1784ರಲ್ಲಿ ಕಾರ್ಲ್ ವಿಲ್ಹೆಲ್ಮ್ ಶೀಲೆ ನಿಂಬೆರಸದಿಂದ ಇದರ ಹರಳು ತೆಗೆದ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಇದರ ವ್ಯಾಪಾರ ಹೆಚ್ಚುಕಡಿಮೆ ಇಟಲಿಯ ನಿಂಬೆತೋಟಗಳ ಕೈಯಲ್ಲಿತ್ತು. 1917ರಲ್ಲಿ ಅಮೆರಿಕದ ಜೇಮ್ಸ್ ಕರಿ ಎಂಬ ವಿಜ್ಞಾನಿ, ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟನ್ನು ತೀರಾ ಹುಳಿಯಾದ, ಸಕ್ಕರೆ ತುಂಬಿದ ದ್ರಾವಣದಲ್ಲಿ ಬೆಳೆಸಿದರೆ ಅದು ಸಿಟ್ರಿಕ್ ಆಮ್ಲವನ್ನು ಹೇರಳವಾಗಿ ಹೊರಹಾಕುತ್ತದೆ ಎಂದು ತೋರಿಸಿಕೊಟ್ಟ. ಫೈಝರ್ ಕಂಪನಿ ಅವನ ವಿಧಾನವನ್ನು ಹಿಡಿದು ಕೆಲವೇ ವರ್ಷಗಳಲ್ಲಿ ಕಾರ್ಖಾನೆ ನಡೆಸಿತು. ಇಂದು ಜಗತ್ತಿನಲ್ಲಿ ವರ್ಷಕ್ಕೆ 20 ಲಕ್ಷ ಟನ್ನಿಗೂ ಹೆಚ್ಚು ಸಿಟ್ರಿಕ್ ಆಮ್ಲ ತಯಾರಾಗುತ್ತದೆ. ಅದರಲ್ಲಿ ನಿಂಬೆಯ ಪಾಲು ಇಲ್ಲವೆಂದೇ ಹೇಳಬೇಕು.

ಸಿಟ್ರಿಕ್ ಆಮ್ಲ ಪ್ರತಿ ಕೋಶದ ಶಕ್ತಿಚಕ್ರದಲ್ಲಿ ಬಂದುಹೋಗುವ ಒಂದು ಮಧ್ಯಂತರ ವಸ್ತು. ನಿಮ್ಮ ಕೋಶದಲ್ಲೂ ಈ ಕ್ಷಣ ಅದು ಹುಟ್ಟಿ ಕರಗುತ್ತಿದೆ. ಅದನ್ನು ಹೊರಗೆ ಹಾಕುವುದೆಂದರೆ ಸಂಬಳವನ್ನು ಬೀದಿಗೆಸೆದಂತೆ. ಹಾಗಿದ್ದೂ ಬೂಷ್ಟು ಯಾಕೆ ಎಸೆಯುತ್ತದೆ? ಕೀಲಿ ಇರುವುದು ಮ್ಯಾಂಗನೀಸಿನಲ್ಲಿ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಮ್ಯಾಂಗನೀಸ್ ಇದ್ದರೂ ಬೂಷ್ಟು ಆರಾಮವಾಗಿ ಬೆಳೆಯುತ್ತದೆ: ಉದ್ದುದ್ದ ಎಳೆ ಬಿಟ್ಟು, ಟ್ಯಾಂಕನ್ನೆಲ್ಲ ಗಂಜಿಯಂತೆ ಗಟ್ಟಿಮಾಡಿ, ಸಕ್ಕರೆಯನ್ನು ತಾನೇ ಉಂಡು ಮುಗಿಸುತ್ತದೆ. ಅಷ್ಟೂ ಸಿಗದಂತೆ ಮಾಡಿದರೆ ಬೆಳವಣಿಗೆ ಮುರುಟಿಕೊಳ್ಳುತ್ತದೆ. ಸ್ಯಾಂಪಲ್ ತೆಗೆದು ಗಾಜಿನ ತಟ್ಟೆಗೆ ಸುರಿದರೆ ಸಾಸಿವೆಗಿಂತ ಚಿಕ್ಕ, ನುಣುಪಾದ ಉಂಡೆಗಳು ಉರುಳಾಡುತ್ತವೆ. ಸೂಕ್ಷ್ಮದರ್ಶಕದಲ್ಲಿ ಎಳೆಗಳು ಮೋಟಾಗಿ, ಊದಿಕೊಂಡು ಕಾಣುತ್ತವೆ. ಮೈ ಬೆಳೆಸಲಾಗದು, ಸಕ್ಕರೆ ಮಾತ್ರ ಸುತ್ತಲೂ ರಾಶಿ ಬಿದ್ದಿದೆ. ಒಳಗೆ ನುಗ್ಗುತ್ತಲೇ ಇರುವ ಸಕ್ಕರೆ ಸಿಟ್ರಿಕ್ ಆಮ್ಲವಾಗಿ ಹೊರಗೆ ಬೀಳುತ್ತದೆ. ಪಿಎಚ್ ಎರಡರ ಹತ್ತಿರ ಇಳಿಯುತ್ತದೆ. ಆ ಹುಳಿಯಲ್ಲಿ ಬೇರೆ ಹೆಚ್ಚಿನ ಬ್ಯಾಕ್ಟೀರಿಯಾಗಳು ತಲೆ ಎತ್ತುವುದಿಲ್ಲ, ಅದೂ ನಮಗೆ ಅನುಕೂಲವೇ.

ಅದಕ್ಕೇ ಸಿಟ್ರಿಕ್ ಆಮ್ಲದ ಕಾರ್ಖಾನೆಯಲ್ಲಿ ನೀರಿನ, ಸಕ್ಕರೆಯ, ಉಕ್ಕಿನ ಗುಣಮಟ್ಟಕ್ಕೆ ಅಷ್ಟು ಮಹತ್ವ. ಕಾಕಂಬಿ ಬಳಸುವುದಾದರೆ ಅದರಲ್ಲಿರುವ ಲೋಹಗಳನ್ನು ಫೆರೋಸಯನೈಡ್ ಹಾಕಿ ಮೊದಲೇ ಕಟ್ಟಿಹಾಕಬೇಕು. ಸಾಧಾರಣ ಕಬ್ಬಿಣದ ಟ್ಯಾಂಕು ನಡೆಯುವುದಿಲ್ಲ, ಹುಳಿಗೆ ಲೋಹ ಬಿಟ್ಟುಕೊಳ್ಳುತ್ತದೆ. ಬೂಷ್ಟನ್ನು ಚೆನ್ನಾಗಿ ನೋಡಿಕೊಂಡರೆ ಆಮ್ಲ ಸಿಗುವುದಿಲ್ಲ. ಸಕ್ಕರೆ ಸುರಿಯಬೇಕು, ಸಾಮಾನು ಕೊಡಬಾರದು.

ಮೂರನೆಯ ಬಗೆ ಸೋರಿಕೆ. 1950ರ ದಶಕದಲ್ಲಿ ಜಪಾನಿನ ಕ್ಯೋವಾ ಹಕ್ಕೋ ಕಂಪನಿಯಲ್ಲಿ ಕಿನೋಷಿಟಾ ಮತ್ತು ಸಂಗಡಿಗರು ಅಡುಗೆಯ ರುಚಿ ಹೆಚ್ಚಿಸಲು ಬಳಸುವ ಗ್ಲುಟಾಮಿಕ್ ಆಮ್ಲವನ್ನು ಸುರಿಸುವ ಬ್ಯಾಕ್ಟೀರಿಯಾವನ್ನು ಹುಡುಕಿ ತೆಗೆದರು. ಈಗ ಅದರ ಹೆಸರು ಕೊರಿನೆಬ್ಯಾಕ್ಟೀರಿಯಂ ಗ್ಲುಟಾಮಿಕಂ. ಬಯೋಟಿನ್ ಎಂಬ ವಿಟಮಿನ್ ಕಡಿಮೆ ಕೊಟ್ಟರೆ ಅದರ ಪೊರೆಯ ಬಿಗಿತ ಬದಲಾಗಿ, ಒಳಗಿನ ಗ್ಲುಟಾಮಿಕ್ ಆಮ್ಲ ಹೊರಗೆ ಹರಿಯುವ ಬಾಗಿಲು ತೆರೆದುಕೊಳ್ಳುತ್ತದೆ. ಕಾಕಂಬಿಯಲ್ಲಿ ಬಯೋಟಿನ್ ಬೇಕಾದಷ್ಟಿರುವುದರಿಂದ ಅಲ್ಲಿ ಈ ಉಪಾಯ ನಡೆಯದು. ಆಗ ಒಂದಿಷ್ಟು ಪೆನಿಸಿಲಿನ್ ಹಾಕಿ ಕೋಶಭಿತ್ತಿಯನ್ನೇ ಸಡಿಲಿಸುತ್ತಿದ್ದರು. ಇದೇ ಬ್ಯಾಕ್ಟೀರಿಯಾದ ಬೇರೆ ತಳಿಗಳು ಪಶು ಆಹಾರಕ್ಕೆ ಬೇಕಾದ ಲೈಸಿನ್ ತಯಾರಿಸುತ್ತವೆ.

ಇವೆಲ್ಲ ಸಿಕ್ಕ ಜೀವಿಯನ್ನು ಸತಾಯಿಸುವ ವಿಧಾನಗಳಾದವು. ಪ್ರಕೃತಿಯಲ್ಲಿ ಯಾವ ಜೀವಿಯೂ ಸಕ್ಕರೆಯಿಂದ ನೇರವಾಗಿ ಮಾಡದ ವಸ್ತು ಬೇಕಾದರೆ? ಅದಕ್ಕೆ ಒಳ್ಳೆಯ ಉದಾಹರಣೆ 1,3-ಪ್ರೊಪೇನ್‌ಡಯಾಲ್. ನೂಲು, ಕಾರ್ಪೆಟ್ಟುಗಳಿಗೆ ಬಳಸುವ ಒಂದು ಪಾಲಿಯೆಸ್ಟರಿನ ಮೂಲವಸ್ತು ಇದು. ಯೀಸ್ಟಿಗೆ ಸಕ್ಕರೆಯಿಂದ ಗ್ಲಿಸರಾಲ್ ಮಾಡಲು ಬರುತ್ತದೆ, ಮುಂದಿನದು ಬಾರದು. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ಗ್ಲಿಸರಾಲಿನಿಂದ ಪ್ರೊಪೇನ್‌ಡಯಾಲ್ ಮಾಡಲು ಬರುತ್ತದೆ, ಹಿಂದಿನದು ಬಾರದು. ಡ್ಯುಪಾಂಟ್ ಮತ್ತು ಜೆನೆನ್‌ಕೋರ್ ಕಂಪನಿಗಳ ವಿಜ್ಞಾನಿಗಳು ಎರಡೂ ಅರ್ಧಗಳ ಜೀನ್‌ಗಳನ್ನು ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾದೊಳಗೆ ಜೋಡಿಸಿದರು. ತಮಾಷೆಯೆಂದರೆ, ಕೊನೆಯ ಹೆಜ್ಜೆಗೆ ಕ್ಲೆಬ್ಸಿಯೆಲ್ಲಾದಿಂದ ತಂದ ಕಿಣ್ವಕ್ಕಿಂತ ಇ. ಕೋಲಿಯ ಸ್ವಂತದ್ದೊಂದು, ಯಾರೂ ಲೆಕ್ಕಕ್ಕೇ ಇಟ್ಟಿರದ ಕಿಣ್ವ ಉತ್ತಮವಾಗಿ ಕೆಲಸ ಮಾಡಿತು. ಕೊನೆಗೆ ಲೀಟರಿಗೆ 130 ಗ್ರಾಂ ದಾಟಿದ ಇಳುವರಿ ಬಂತು. ಅಮೆರಿಕದ ಟೆನೆಸಿ ರಾಜ್ಯದ ಲೌಡನ್‌ನಲ್ಲಿ ಮೆಕ್ಕೆಜೋಳದ ಸಕ್ಕರೆ ಬಳಸುವ ಕಾರ್ಖಾನೆ 2006ರಲ್ಲಿ ಉತ್ಪಾದನೆ ಶುರುಮಾಡಿತು. ಜೀನ್ ಸೇರಿಸುವುದು ಈ ಕೆಲಸದ ಸುಲಭದ ಭಾಗ. ಸಕ್ಕರೆ ಒಳಗೆ ಬರುವ ಬಾಗಿಲನ್ನೇ ಬದಲಿಸುವುದು, ವಾಪಸ್ ಹೋಗುವ ದಾರಿಗಳನ್ನು ಒಂದೊಂದಾಗಿ ಮುಚ್ಚುವುದು, ಬುಟ್ಟಿ ಲೆಕ್ಕ ಸರಿದೂಗಿಸುವುದು, ವರ್ಷಗಳು ಹಿಡಿಯುವುದು ಇದಕ್ಕೆ.

ಹೀಗೆ ಹೇರಿದ ಹೊರೆಗೆ ಒಂದು ಅಪಾಯವೂ ಇದೆ. ಫ್ರೀಜರಿನಲ್ಲಿಟ್ಟ 1 ಮಿಲಿಲೀಟರ್ ತಳಿಯಿಂದ 2 ಲಕ್ಷ ಲೀಟರಿನ ಟ್ಯಾಂಕಿಗೆ ಹೋಗಬೇಕೆಂದರೆ 20 ಕೋಟಿ ಪಟ್ಟು ಹಿಗ್ಗಬೇಕು. ಅಂದರೆ ಕೋಶಗಳು ಸುಮಾರು 28 ಸಲ ಇಮ್ಮಡಿಯಾಗಬೇಕು. ಆರಂಭದಲ್ಲೇ ಒಂದು ಕೋಶದಲ್ಲಿ ನಮ್ಮ ಜೀನ್ ಕೆಟ್ಟು, ಹೊರೆ ಇಳಿದು, ಅದು ಶೇಕಡ 10ರಷ್ಟು ವೇಗವಾಗಿ ಬೆಳೆಯಿತೆನ್ನಿ. ಕೊನೆಗೆ ಅದರ ಸಂತಾನದ ಪಾಲು ಸುಮಾರು ಏಳು ಪಟ್ಟಾಗಿರುತ್ತದೆ. ಇದು ಒಂದು ಕೋಶದ ಲೆಕ್ಕ. ಇಂಥವು ದಾರಿಯುದ್ದಕ್ಕೂ ಹುಟ್ಟುತ್ತಲೇ ಇರುತ್ತವೆ. ಕಳ್ಳಬಿದ್ದ ಕೋಶಕ್ಕೇ ಬಹುಮಾನ. ಹಾಗಾಗಿ ಮೊದಲು ಬೆಳೆಯಲು ಬಿಟ್ಟು, ಕೊನೆಯ ಟ್ಯಾಂಕಿನಲ್ಲಿ ಮಾತ್ರ ಉತ್ಪಾದನೆಯ ಸ್ವಿಚ್ ಒತ್ತುವುದು ವಾಡಿಕೆ.

ಬೆಳೆಯುವ ಜೀವಿಯೇ ಬೇಡ, ಅದರ ಒಂದು ಕಿಣ್ವ ಸಾಕು ಎನ್ನುವ ದಾರಿಯೂ ಇದೆ. ಅಕ್ರಿಲೋನೈಟ್ರೈಲ್‌ಗೆ ಒಂದು ನೀರಿನ ಅಣು ಸೇರಿಸಿದರೆ ಅಕ್ರಿಲಮೈಡ್ ಎಂಬ ಪಾಲಿಮರ್ ಮೂಲವಸ್ತು. ಹಳೆಯ ವಿಧಾನದಲ್ಲಿ ತಾಮ್ರದ ವೇಗವರ್ಧಕ, ಹೆಚ್ಚಿನ ಉಷ್ಣತೆ, ಆಮೇಲೆ ತಾಮ್ರವನ್ನು ತೆಗೆಯುವ ರಗಳೆ. 1985ರಲ್ಲಿ ಜಪಾನಿನ ನಿಟ್ಟೊ ಕೆಮಿಕಲ್ ಕಂಪನಿ ಇದನ್ನು ರೋಡೋಕಾಕಸ್ ಬ್ಯಾಕ್ಟೀರಿಯಾದ ಕೋಶಗಳಿಂದ ಮಾಡತೊಡಗಿತು. ಕ್ಯೋಟೋ ವಿಶ್ವವಿದ್ಯಾಲಯದ ಹಿಡೆಯಾಕಿ ಯಮಾಡಾ ಅವರ ತಂಡ ಆಮೇಲೆ ಕೊಟ್ಟ ಜೆ1 ಎಂಬ ತಳಿ ಇದನ್ನು ಇನ್ನೂ ಮೇಲಕ್ಕೊಯ್ದಿತು. ಇಲ್ಲಿ ಕೋಶವೆಂದರೆ ಕಿಣ್ವ ತುಂಬಿದ ಚೀಲ, ಅಷ್ಟೇ. ತಣ್ಣಗಿನ ನೀರಿನಲ್ಲಿ, ಉಪಉತ್ಪನ್ನಗಳಿಲ್ಲದೆ ಕೆಲಸ ಮುಗಿಯುತ್ತದೆ. ಕಚ್ಚಾವಸ್ತು ಪೆಟ್ರೋಲಿಯಂನದೇ ಎಂಬುದನ್ನು ಗಮನಿಸಿ. ಸೂಕ್ಷ್ಮಜೀವಿ ಮತ್ತು ಪೆಟ್ರೋಕೆಮಿಕಲ್ ಎಂದರೆ ಎರಡು ಶತ್ರು ಪಾಳೆಯಗಳಲ್ಲ. ಒಂದೇ ಪೈಪಿನ ಹಿಂದೆ ಮುಂದೆ ಇರಬಹುದು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಇದರ ಉತ್ತರ ಮೂರು ಕಡೆ ಇದೆ: ಟ್ಯಾಂಕಿನೊಳಗೆ, ಟ್ಯಾಂಕಿನ ಆಚೆ, ಮತ್ತು ಸಕ್ಕರೆಯ ಅಣುವಿನಲ್ಲೇ.

ಟ್ಯಾಂಕಿನೊಳಗೆ ಮೊದಲು ಉಸಿರಿನ ಸಮಸ್ಯೆ. ಗಾಳಿಯಿಂದ ನೀರಿಗೆ ಕರಗುವ ಆಮ್ಲಜನಕ ಲೀಟರಿಗೆ ಸುಮಾರು 8 ಮಿಲಿಗ್ರಾಂ. ಚುರುಕಾಗಿ ಬೆಳೆಯುವ ಕೋಶಗಳು ಗಂಟೆಗೆ ಲೀಟರಿಗೆ 3 ಗ್ರಾಂ ಆಮ್ಲಜನಕ ಕೇಳಬಹುದು. ಭಾಗಿಸಿ ನೋಡಿ: ಗಾಳಿ ನಿಂತರೆ ಕರಗಿದ್ದೆಲ್ಲ ಹತ್ತು ಸೆಕೆಂಡಿನಲ್ಲಿ ಖಾಲಿ. ಹಾಗಾಗಿ ಕೆಳಗಿನಿಂದ ಗಾಳಿ ನುಗ್ಗಿಸುತ್ತ, ದೊಡ್ಡ ರೆಕ್ಕೆಗಳಿಂದ ಕಲಕುತ್ತ ಇರಬೇಕು; ವಿದ್ಯುತ್ ಬಿಲ್ಲಿನ ದೊಡ್ಡ ಪಾಲು ಇದಕ್ಕೇ. ಹೀರಿದ ಆಮ್ಲಜನಕಕ್ಕೆ ತಕ್ಕಷ್ಟು ಶಾಖವೂ ಹುಟ್ಟುತ್ತದೆ. ಇದೇ ವೇಗದಲ್ಲಿ 2 ಲಕ್ಷ ಲೀಟರಿನ ಟ್ಯಾಂಕಿನಲ್ಲಿ ಹುಟ್ಟುವ ಶಾಖ ಸುಮಾರು ಎರಡೂವರೆ ಮೆಗಾವ್ಯಾಟ್. ಪ್ರಯೋಗಾಲಯದ ಫ್ಲಾಸ್ಕನ್ನು ಬೆಚ್ಚಗಿಡುವುದು ಕಷ್ಟ, ಕಾರ್ಖಾನೆಯ ಟ್ಯಾಂಕನ್ನು ತಣ್ಣಗಿಡುವುದು ಕಷ್ಟ. ಮೂವತ್ತೇಳು ಡಿಗ್ರಿಯ ಟ್ಯಾಂಕನ್ನು ಮೂವತ್ತು ಡಿಗ್ರಿಯ ನೀರಿನಿಂದ ತಣಿಸಬೇಕು ಎಂಬುದನ್ನು ಯೋಚಿಸಿದರೆ ಪೈಪುಗಳು ಎಷ್ಟು ಬೇಕಾಗುತ್ತವೆ ಎಂದು ಗೊತ್ತಾಗುತ್ತದೆ.

ಆಮೇಲೆ ಅತಿಥಿಗಳು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಾತ್ರಿ ಪಾಳಿಯಲ್ಲಿ ಆಮ್ಲಜನಕದ ಮೀಟರು ಇದ್ದಕ್ಕಿದ್ದಂತೆ ಇಳಿಯತೊಡಗಿತು. ಬೆಳವಣಿಗೆ ಜೋರಾಗಿದೆ ಎಂದು ಖುಷಿಪಟ್ಟು ಗಾಳಿ ಹೆಚ್ಚಿಸಿದೆ. ಅನುಭವಿ ಆಪರೇಟರ್ ಒಬ್ಬರು ಬಂದು ಸ್ಯಾಂಪಲ್ ವಾಲ್ವ್ ತೆರೆದು ಮೂಸಿ ನೋಡಿದರು. "ಇದು ನಮ್ಮದಲ್ಲ" ಎಂದರು, ಅಷ್ಟೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಮ್ಮ ದುಂಡಗಿನ ಯೀಸ್ಟುಗಳ ನಡುವೆ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳು ಮಿಣಮಿಣ ಓಡಾಡುತ್ತಿದ್ದವು. ಕಾರಣ ಹುಡುಕಿದಾಗ ಸಿಕ್ಕಿದ್ದು ವಾಲ್ವಿನ ಒಂದು ಸವೆದ ಗ್ಯಾಸ್ಕೆಟ್; ಅದರ ಸಂದಿಗೆ ಹಬೆ ಸರಿಯಾಗಿ ಮುಟ್ಟಿರಲಿಲ್ಲ. ಇಡೀ ಟ್ಯಾಂಕನ್ನು ಕುದಿಸಿ ಚರಂಡಿಗೆ ಬಿಟ್ಟೆವು. ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಜೀವಿಯ ಎದುರು ಎರಡು ಗಂಟೆಗೊಮ್ಮೆ ಇಮ್ಮಡಿಯಾಗುವ ಯೀಸ್ಟು ಗೆಲ್ಲುವುದಿಲ್ಲ. ಪೆಟ್ರೋಕೆಮಿಕಲ್ ರಿಯಾಕ್ಟರಿಗೆ ಈ ಭಯವಿಲ್ಲ. ಅಲ್ಲಿನ ವೇಗವರ್ಧಕವನ್ನು ಯಾರೂ ತಿಂದುಹಾಕುವುದಿಲ್ಲ.

ಟ್ಯಾಂಕಿನ ಆಚೆ ಇರುವ ಸಮಸ್ಯೆಗೆ ಒಂದೇ ಹೆಸರು: ನೀರು. ರಸಾಯನಶಾಸ್ತ್ರಜ್ಞ ಚೈಮ್ ವೈಜ್‌ಮನ್ ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿಗಾಗಿ ಕ್ಲಾಸ್ಟ್ರಿಡಿಯಂ ಅಸೆಟೊಬ್ಯುಟಿಲಿಕಂ ಬಳಸಿ ಅಸಿಟೋನ್ ತಯಾರಿಸಿಕೊಟ್ಟರು. ಕಾರ್ಡೈಟ್ ಎಂಬ ಸಿಡಿಮದ್ದಿಗೆ ಅದು ಬೇಕಿತ್ತು. ಆ ಬ್ಯಾಕ್ಟೀರಿಯಾ ಕೊಡುವುದು ಮೂರು ಪಾಲು ಅಸಿಟೋನ್, ಆರು ಪಾಲು ಬ್ಯುಟನಾಲ್, ಒಂದು ಪಾಲು ಎಥನಾಲ್. ಯುದ್ಧ ಮುಗಿದ ಮೇಲೆ ಕಾರುಗಳ ಬಣ್ಣಕ್ಕೆ ಬ್ಯುಟನಾಲ್ ಬೇಕಾಗಿ ಈ ಉದ್ಯಮ ದಶಕಗಳ ಕಾಲ ನಡೆಯಿತು. ಆದರೆ ಬ್ಯುಟನಾಲ್ ಕೋಶದ ಪೊರೆಯನ್ನೇ ಕರಗಿಸುವ ವಿಷ. ನೂರು ಲೀಟರಿನಲ್ಲಿ ಎಲ್ಲ ದ್ರಾವಕ ಸೇರಿ ಎರಡು ಕಿಲೋ ಆಗುವಷ್ಟರಲ್ಲಿ ಬ್ಯಾಕ್ಟೀರಿಯಾ ಕೈಚೆಲ್ಲುತ್ತದೆ. ಆ ಎರಡು ಕಿಲೋಕ್ಕಾಗಿ ಉಳಿದ ನೀರನ್ನೆಲ್ಲ ಕಾಯಿಸಿ ಬಟ್ಟಿ ಇಳಿಸಬೇಕು. ಪೆಟ್ರೋಲಿಯಂ ಅಗ್ಗವಾಗಿ, ಕಾಕಂಬಿ ದುಬಾರಿಯಾದಾಗ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು.

ಆಮ್ಲಗಳದು ಬೇರೆ ಗೋಳು. ಲ್ಯಾಕ್ಟಿಕ್ ಆಮ್ಲ ಹೆಚ್ಚಾದಂತೆ ಬ್ಯಾಕ್ಟೀರಿಯಾಕ್ಕೆ ಹುಳಿ ತಡೆಯದು, ಹಾಗಾಗಿ ಸುಣ್ಣ ಹಾಕುತ್ತಾ ಹೋಗಬೇಕು. ಕೊನೆಗೆ ಸಿಗುವುದು ಕ್ಯಾಲ್ಸಿಯಂ ಲ್ಯಾಕ್ಟೇಟ್. ಅದಕ್ಕೆ ಸಲ್ಫ್ಯೂರಿಕ್ ಆಮ್ಲ ಸುರಿದರೆ ಲ್ಯಾಕ್ಟಿಕ್ ಆಮ್ಲ ಬಿಡುಗಡೆಯಾಗಿ ಜಿಪ್ಸಂ ಕೆಳಗೆ ಕೂರುತ್ತದೆ. ಅಣುತೂಕ ಹಾಕಿ ನೋಡಿ, ನಿಮಗೆ ಐದು ನಿಮಿಷದ ಕೆಲಸ: ಒಂದು ಟನ್ ಆಮ್ಲಕ್ಕೆ ಹೆಚ್ಚುಕಡಿಮೆ ಒಂದು ಟನ್ ಜಿಪ್ಸಂ. ಹುಳಿಯಲ್ಲೇ ದುಡಿಯುವ ಯೀಸ್ಟ್ ತಳಿಗಳಿಗೆ ಕಂಪನಿಗಳು ಇಷ್ಟೊಂದು ಹಣ ಸುರಿಯುವುದು ಈ ಜಿಪ್ಸಂ ಬೆಟ್ಟದಿಂದ ತಪ್ಪಿಸಿಕೊಳ್ಳಲು.

ಕೊನೆಯದು ಸಕ್ಕರೆಯ ಅಣು. ನನ್ನ ಪ್ರಕಾರ ನಿಜವಾದ ತೀರ್ಪು ಇಲ್ಲಿದೆ. ಗ್ಲೂಕೋಸಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಶೇಕಡ 53, ಆಮ್ಲಜನಕ. ಪ್ಲಾಸ್ಟಿಕ್ಕಿನ ಮೂಲವಸ್ತುವಾದ ಎಥಿಲೀನಿನಲ್ಲಿ ಆಮ್ಲಜನಕ ಸೊನ್ನೆ. ಸಕ್ಕರೆಯನ್ನು ಎಥನಾಲ್ ಮಾಡಿ, ಅದರಿಂದ ನೀರು ತೆಗೆದು ಎಥಿಲೀನ್ ಮಾಡಿದರೆ, ಒಂದು ಗ್ರಾಂ ಕೂಡ ಸೋರದಿದ್ದರೂ 180 ಕಿಲೋ ಗ್ಲೂಕೋಸಿಗೆ 56 ಕಿಲೋ ಎಥಿಲೀನ್. ಉಳಿದ 124 ಕಿಲೋ ಇಂಗಾಲದ ಡೈಆಕ್ಸೈಡ್ ಮತ್ತು ನೀರು. ನೀವು ದುಡ್ಡು ಕೊಟ್ಟು ತಂದ ಆಮ್ಲಜನಕವನ್ನು ದುಡ್ಡು ಕೊಟ್ಟು ಹೊರಹಾಕಿದಂತಾಯಿತು. ಈಗ ಸಿಟ್ರಿಕ್ ಆಮ್ಲದ ಲೆಕ್ಕ ಮಾಡಿ: 180 ಕಿಲೋ ಗ್ಲೂಕೋಸಿಗೆ ಗಾಳಿಯ ಆಮ್ಲಜನಕ ಸೇರಿ 192 ಕಿಲೋ ಆಮ್ಲ ಸಿಗಬಹುದು. ಹಾಕಿದ್ದಕ್ಕಿಂತ ಹೆಚ್ಚು! ಲ್ಯಾಕ್ಟಿಕ್ ಆಮ್ಲದಲ್ಲಿ 180ಕ್ಕೆ 180. ಆಮ್ಲಜನಕವನ್ನು ಉಳಿಸಿಕೊಳ್ಳುವ ವಸ್ತುಗಳಲ್ಲಿ ಸೂಕ್ಷ್ಮಜೀವಿ ಗೆಲ್ಲುತ್ತದೆ, ಅದನ್ನು ಕಿತ್ತೆಸೆಯಬೇಕಾದ ಕಡೆ ಪೆಟ್ರೋಲಿಯಂ ಗೆಲ್ಲುತ್ತದೆ.

ಗೆಲ್ಲಬೇಕಾದ ಕಡೆಯೂ ಗೆಲುವು ಖಚಿತವಲ್ಲ ಬಿಡಿ. ಸಕ್ಸಿನಿಕ್ ಆಮ್ಲದ ಅಣುಲೆಕ್ಕ ಅತ್ಯುತ್ತಮ, ಇಂಗಾಲದ ಡೈಆಕ್ಸೈಡನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಬಯೋಅಂಬರ್ ಕಂಪನಿ ಕೆನಡಾದ ಸಾರ್ನಿಯಾದಲ್ಲಿ 2015ರಲ್ಲಿ ದೊಡ್ಡ ಕಾರ್ಖಾನೆ ತೆರೆಯಿತು, 2018ರಲ್ಲಿ ದಿವಾಳಿಯಾಯಿತು. ತಳಿ ಚೆನ್ನಾಗಿದ್ದರೆ ಸಾಲದು. ಆ ವಸ್ತುವನ್ನು ಅಷ್ಟು ಪ್ರಮಾಣದಲ್ಲಿ, ಆ ಬೆಲೆಗೆ ಕೊಳ್ಳುವವರೂ ಬೇಕು.

ಸಕ್ಕರೆಯೇ ಬೇಡ ಎನ್ನುವವರೂ ಇದ್ದಾರೆ. ಕ್ಲಾಸ್ಟ್ರಿಡಿಯಂ ಆಟೋಎಥನೋಜೀನಂ ಎಂಬ ಬ್ಯಾಕ್ಟೀರಿಯಾ ಕಾರ್ಬನ್ ಮೊನಾಕ್ಸೈಡನ್ನೇ ತಿಂದು ಎಥನಾಲ್ ಬಿಡುತ್ತದೆ. ಉಕ್ಕಿನ ಕಾರ್ಖಾನೆಯ ಚಿಮಣಿಗೆ ಹೋಗುವ ಅನಿಲ ಇದಕ್ಕೆ ಊಟ. ಲಾಂಜಾಟೆಕ್ ಕಂಪನಿಯ ಈ ವಿಧಾನದಲ್ಲಿ 2018ರಿಂದ ಚೀನಾದಲ್ಲಿ ಶೋಗಾಂಗ್ ಸಮೂಹದ ಉಕ್ಕಿನ ಕಾರ್ಖಾನೆಯೊಂದರ ಪಕ್ಕ ವಾಣಿಜ್ಯ ಮಟ್ಟದ ಉತ್ಪಾದನೆ ನಡೆದಿದೆ. ಸಕ್ಕರೆಯ ಖರ್ಚಿಲ್ಲ, ಆದರೆ ಹಳೆಯ ತೊಂದರೆ ಇನ್ನೊಂದು ವೇಷದಲ್ಲಿ ಬಂದಿದೆ: ಕಾರ್ಬನ್ ಮೊನಾಕ್ಸೈಡ್ ನೀರಿನಲ್ಲಿ ಆಮ್ಲಜನಕಕ್ಕಿಂತಲೂ ಕಡಿಮೆ ಕರಗುತ್ತದೆ. ಅಂದಹಾಗೆ, ಉಕ್ಕಿನ ಕುಲುಮೆಯ ಹೊಗೆ ಉಣ್ಣುವ ಈ ಬ್ಯಾಕ್ಟೀರಿಯಾ ವಿಜ್ಞಾನಿಗಳಿಗೆ ಮೊದಲು ಸಿಕ್ಕಿದ್ದು ಮೊಲದ ಹಿಕ್ಕೆಯಲ್ಲಿ.